ಹಲಗೆಗೆ ಕಟ್ಟಿದ್ದ ಹಗ್ಗ

ಆ ಹಗ್ಗ ಬಿಚ್ಚಿದವನು ನಾನು. ಓಂಕಾರಪ್ಪ ಕಟ್ಟಿದ್ದರು — ಗಟ್ಟಿಯಾಗಿಯೇ ಕಟ್ಟಿದ್ದರು — ನಾನು ಬಿಚ್ಚಿದೆ. ಆಮೇಲೆ ಅವರು ಕಟ್ಟಿಯೇ ಇರಲಿಲ್ಲವೆಂದು ನಾಲ್ಕು ಜನರ ಮುಂದೆ ವಾದಿಸಿ ಗೆದ್ದೆ.

ಇದನ್ನು ಓದುವಾಗ ನನ್ನನ್ನು ಅನುಮಾನಿಸಿ. ಮೂರು ವರ್ಷ ಸುಮ್ಮನಿದ್ದವನು ಈಗೇಕೆ ಬಾಯಿ ಬಿಟ್ಟ, ಇದರಲ್ಲಿ ಇವನಿಗೇನು ಲಾಭ ಎಂದು ಕೇಳಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ನನ್ನ ಹೆಸರೇ ಬರುತ್ತಿತ್ತು. ವಿಷಯದ ಪರ ಕೊಟ್ಟರೂ ಸೈ, ವಿರೋಧ ಕೊಟ್ಟರೂ ಸೈ. ಎದುರಿನವರ ಮಾತಿನಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕುವುದು ನನಗೆ ಚಟವಾಗಿತ್ತು, ವೇದಿಕೆ ಇಳಿದ ಮೇಲೂ ಅದು ನಿಲ್ಲುತ್ತಿರಲಿಲ್ಲ. ಯಾರಾದರೂ ಸುಮ್ಮನೆ ಸಹಾಯಕ್ಕೆ ಬಂದರೆ ಇವನಿಗೆ ಏನು ಬೇಕಾಗಿದೆ ಎಂದು ಯೋಚಿಸುತ್ತಿದ್ದೆ.

ಅವತ್ತು ತರೀಕೆರೆಯಲ್ಲಿ ಕಪ್ ಗೆದ್ದು, ಅದನ್ನು ದೊಡ್ಡಮ್ಮನಿಗೆ ತೋರಿಸಲು ಅಜ್ಜಂಪುರಕ್ಕೆ ಹೋಗಿದ್ದೆ. ಅಣ್ಣನ ಬೈಕು. ದೊಡ್ಡಮ್ಮನ ಮನೆಯಿಂದ ನಮ್ಮೂರು ಸಿಂಗಟಗೆರೆಗೆ ಹೊರಟರೆ, ಊರು ದಾಟುವ ಮೊದಲೇ ಇಂಜಿನ್ ನಿಂತಿತು. ರಸ್ತೆ ಬದಿಯ ಮೆಕ್ಯಾನಿಕ್ ಕಿಕ್ಕರ್ ತುಳಿದು ನೋಡಿ ತಲೆಯಾಡಿಸಿದ.

"ಇಂಜಿನ್ ಸೀಜ್ ಆಗೈತೆ, ಒಳಗೆ ಹಿಡ್ಕಂಬಿಟ್ಟೈತೆ. ಇಲ್ಲಿ ಆಗಲ್ಲ, ಕಡೂರಿಗೆ ತಗಂಡ್ಹೋಗಿ. ನಮ್ಮ ಓಂಕಾರಣ್ಣನ ಪಿಕಪ್ ಐತೆ, ಕರೀಲಾ?"

ಹತ್ತೇ ನಿಮಿಷದಲ್ಲಿ ಪಿಕಪ್ ಬಂತು. ಹತ್ತು ನಿಮಿಷಕ್ಕೆ ಹೇಗೆ ಬಂತು? ಇಲ್ಲಿ ಆಗಲ್ಲ ಎಂದವನಿಗೂ ಇವನಿಗೂ ಒಳಗೊಳಗೆ ಏನಿದೆ? ನನ್ನ ತಲೆ ಆಗಲೇ ಓಡತೊಡಗಿತ್ತು.

ಓಂಕಾರಪ್ಪ ಐವತ್ತು ದಾಟಿದವರು, ಸಣಕಲು ಆಳು, ತಲೆಗೆ ಟವೆಲ್ಲು ಸುತ್ತಿದ್ದರು. ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಕಪ್ ನೋಡಿ, "ಏನಪ್ಪಾ, ಓಟದಲ್ಲಿ ಬಂತಾ?" ಎಂದರು. ಮಾತಾಡಿದ್ದಕ್ಕೆ ಎಂದೆ.

"ಮಾತಾಡಿದ್ದಕ್ಕೆಲ್ಲ ಕಪ್ ಕೊಡ್ತಾರಾ? ಹಂಗಾದ್ರೆ ನಮ್ಮನೆಯವ್ಳ ಕಪ್ ಹೇರಕ್ಕೆ ಈ ಗಾಡಿ ಸಾಲಲ್ಲ ಕಣಪ್ಪ."

ನಾನು ನಗಲಿಲ್ಲ. ನಗಿಸಿ ಮೈಮರೆಸುವುದೂ ಒಂದು ತಂತ್ರ — ಹಾಗಂದುಕೊಂಡೆ.

ಅವರು ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಲಿಲ್ಲ. ಪಕ್ಕದ ಮಣ್ಣು ದಿಬ್ಬಕ್ಕೆ ಹಿಂಬದಿ ಕೊಟ್ಟು ನಿಲ್ಲಿಸಿದರು, ಬೈಕು ಹತ್ತಿಸುವ ಹಲಗೆ ಕಡಿದಾಗದಿರಲಿ ಎಂದು. ಚಕ್ರಗಳಿಗೆ ಕಲ್ಲು ಕೊಟ್ಟರು. ಎರಡು ಹಲಗೆ ಇಟ್ಟರು: ಒಂದು ಬೈಕಿಗೆ, ಇನ್ನೊಂದು ಅದರ ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ನಡೆಯುವವನಿಗೆ. ಬೈಕಿನ ಹಲಗೆಯ ತಲೆಯಲ್ಲಿ ಒಂದು ತೂತು. ಅದರೊಳಗೆ ಹಗ್ಗ ಹಾಯಿಸಿ ಗಾಡಿಯ ಕೊಂಡಿಗೆ ಬಿಗಿದರು.

"ಹಿಂದ್ಲ ಚಕ್ರ ಹತ್ತೋವಾಗ ಹಲಗೆ ಹಿಂದಕ್ಕೆ ಒದೀತದೆ. ಕಟ್ಟಿದ್ರೆ ಮಿಸುಕಲ್ಲ," ಎಂದರು. ಹಲಗೆಯ ತಲೆಗೆ ಒಂದು ಗೋಣಿ ತುಂಡನ್ನೂ ಸುತ್ತಿದ್ದರು. ಅದ್ಯಾಕೆ ಎಂದು ಕೇಳಿದೆ. "ಜಾರ್ದಿರ್ಲಿ ಅಂತ. ತಳ್ಳಕ್ಕೆ ಇನ್ನೊಬ್ರು ಬೇಕು, ಮೆಕ್ಯಾನಿಕ್ಕನ್ನ ಕರ್ಕಂಡ್ ಬತ್ತೀನಿ. ನೀನು ಏನೂ ಮುಟ್ಬೇಡ."

ಮುಟ್ಟಬೇಡ! ಯಾಕೆ ಮುಟ್ಟಬಾರದು? ಗೋಣಿಯ ಕೆಳಗೆ ಹಲಗೆ ಸೀಳಿದೆ, ಅದನ್ನು ಮುಚ್ಚಿದ್ದಾರೆ, ಮುರಿದು ಬೈಕು ಬಿದ್ದರೆ ಬೈಕಿನ ಭಾರವನ್ನೇ ದೂರುತ್ತಾರೆ — ಇಷ್ಟೂ ನನಗೆ ಒಂದು ಗಳಿಗೆಯಲ್ಲಿ ಹೊಳೆಯಿತು. ಅವರು ತಿರುಗಿದ್ದೇ ತಡ, ಗಾಡಿ ಹತ್ತಿ ಹಗ್ಗ ಬಿಚ್ಚಿ ಗೋಣಿ ಎತ್ತಿ ನೋಡಿದೆ.

ಹಲಗೆ ನೆಟ್ಟಗಿತ್ತು. ಒಂದು ಗೀರೂ ಇರಲಿಲ್ಲ.

ಅಷ್ಟರಲ್ಲಿ ಅವರಿಬ್ಬರ ದನಿ ಕೇಳಿತು. ಗೋಣಿ ಸುತ್ತಿದೆ. ಆ ಗಂಟು ನನಗೆ ಬರುತ್ತಿರಲಿಲ್ಲ. ಹಗ್ಗವನ್ನು ಕೊಂಡಿಗೆ ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದೆ. ಕೆಳಗಿನಿಂದ ನೋಡಿದರೆ ಕಟ್ಟಿದ ಹಾಗೇ ಕಾಣುತ್ತಿತ್ತು. "ಬಿಚ್ಚಿ ನೋಡಿದೆ, ಇನ್ನೊಂದು ಸಲ ಕಟ್ಟಿ" — ಇಷ್ಟೇ ಹೇಳಬೇಕಿತ್ತು. ಆದರೆ ಹಾಗೆ ಹೇಳಿದ್ದರೆ ನನ್ನ ಅನುಮಾನ ಸುಳ್ಳಾಯಿತು ಎಂದೂ ಹೇಳಿದ ಹಾಗಾಗುತ್ತಿತ್ತು... ಹೇಳಲಿಲ್ಲ.

ನಾನು ಗಾಡಿಯ ಮೇಲೆ ನಿಂತು ಮುಂದಿನಿಂದ ಎಳೆದೆ. ಮೆಕ್ಯಾನಿಕ್ ಹಿಂದಿನಿಂದ ತಳ್ಳಿದ. ಓಂಕಾರಪ್ಪ ಹ್ಯಾಂಡಲ್ ಹಿಡಿದು, ಮುಂದಿನ ಬ್ರೇಕಿನ ಮೇಲೆ ಬೆರಳಿಟ್ಟು, ಪಕ್ಕದ ಹಲಗೆಯ ಮೇಲೆ ಹೆಜ್ಜೆ ಹಾಕುತ್ತಿದ್ದರು. "ಮಧ್ಯ ನಿಲ್ಲಿಸ್ಬೇಡ್ರಿ, ಒಂದೇ ಸಲಕ್ಕೆ!" ಎಂದರು. ಹಿಂದಿನ ಚಕ್ರ ಹಲಗೆ ಹತ್ತಿತು. ಅವರು ಹೇಳಿದಂತೆಯೇ ಹಲಗೆ ಹಿಂದಕ್ಕೆ ಒದೆಯಿತು. ನನ್ನ ಕಾಲ ಬಳಿ ಹಗ್ಗ ಸರ್ರನೆ ಬಿಚ್ಚಿಕೊಂಡದ್ದನ್ನು ನಾನೊಬ್ಬನೇ ನೋಡಿದೆ. ಬೈಕು ಅವರ ಕಡೆಗೇ ವಾಲಿ ಬಿತ್ತು, ಅವರ ಪಾದ ಅದರಡಿ ಸಿಕ್ಕಿತು.

ಟೀ ಅಂಗಡಿಯಿಂದ ಮೂವರು ಓಡಿಬಂದು, ಮೆಕ್ಯಾನಿಕ್ ಜೊತೆ ಸೇರಿ ಬೈಕು ಎತ್ತಿದರು. "ಹಲಗೆ ಯಾಕ್ಲೇ ಜಾರ್ತು?" ಎಂದು ಒಬ್ಬ ಕೇಳಿದ. ಇನ್ನೊಬ್ಬ ತಲೆಯೆತ್ತಿ ನನ್ನತ್ತ ನೋಡಿದ. ಅವನು ಸುಮ್ಮನೆ ನೋಡಿದನೋ ಏನೋ... ನಾನು ಶುರು ಮಾಡಿಬಿಟ್ಟೆ.

"ಹಗ್ಗ ಕಟ್ಟಿದ್ದು ಯಾರು? ಇವರೇ ತಾನೆ? ಕಟ್ಟಿದ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದಾ? ಹಗ್ಗ ಎಲ್ಲಾದರೂ ತುಂಡಾಗಿದೆಯಾ ನೋಡಿ. ಹಾಗಾದರೆ ಗಂಟೇ ಹಾಕಿರಲಿಲ್ಲ ಅಂತಾಯ್ತಲ್ಲ?"

ಓಂಕಾರಪ್ಪ ಪಾದ ಹಿಡಿದು ಮಣ್ಣಿನಲ್ಲಿ ಕೂತಿದ್ದರು. "ಕಟ್ಟಿದ್ನಲ್ಲಪ್ಪ," ಎಂದರು. ನಾನು ಮತ್ತೆ ಕೇಳಿದೆ. "ಕಟ್ಟಿದ್ದೆ ಅನ್ಸುತ್ತೆ," ಎಂದರು. ಗಂಟು ಹಾಕಿದ್ದು ಖಂಡಿತ ನೆನಪಿದೆಯಾ ಎಂದು ಮೂರನೇ ಸಲ ಕೇಳಿದೆ. ಅವರು ತಮ್ಮ ಕೈಗಳನ್ನು ನೋಡಿಕೊಂಡು, "ಮರ್ತ್ನೇನೋ..." ಎಂದರು.

ನಾನು ಒಂದೂ ಸುಳ್ಳು ಹೇಳಿರಲಿಲ್ಲ, ಕೇಳಿದ್ದು ಬರೀ ಪ್ರಶ್ನೆ. ಈ ಮಾತನ್ನೇ ನನಗೆ ನಾನು ಮೂರು ವರ್ಷ ಹೇಳಿಕೊಂಡೆ. ನೀವು ಒಪ್ಪಬೇಡಿ.

ಪಾದದ ಮೂಳೆ ಮುರಿದಿತ್ತು. ತಿಂಗಳುಗಟ್ಟಲೆ ಮಲಗಿ ಎದ್ದರು, ಕುಂಟು ಉಳಿಯಿತು. ಓಂಕಾರಪ್ಪನಿಗೆ ಮರೆವಂತೆ ಎಂದು ಜನ ಬೈಕು ಹೇರಲು ಬೇರೆಯವರನ್ನು ಕರೆಯುತ್ತಿದ್ದಾರೆಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದಾಗ, "ಹೌದಾ" ಎಂದು ಮಾತು ಬದಲಿಸಿದೆ.

ಹೋದ ತಿಂಗಳು ಕಡೂರಿನಲ್ಲಿ ಅವರನ್ನು ನೋಡಿದೆ. ಯಾರದೋ ಬೈಕು ಹೇರಲು ಹಲಗೆ ಇಟ್ಟು, ಹಗ್ಗ ಕಟ್ಟಿ, ಎಳೆದು ನೋಡಿ, ಜೇಬಿನಿಂದ ಫೋನ್ ತೆಗೆದು ಗಂಟಿನ ಫೋಟೊ ತೆಗೆದರು.

"ಏನ್ ಓಂಕಾರಣ್ಣ, ಹಗ್ಗಕ್ಕೆ ಗಂಡು ಹುಡುಕ್ತಿದ್ದೀಯಾ?" ಎಂದು ಬೈಕಿನವನು ನಕ್ಕ.

"ಕಟ್ಟಿದ್ದೀನಿ ಅಂತ ನಂಗೇ ಗೊತ್ತಾಗ್ಬೇಕಲ್ಲಪ್ಪ," ಎಂದರು. ನಗಲಿಲ್ಲ.

ಬೈಕು ಹತ್ತಿಸಿದ ಮೇಲೆ ಹತ್ತಿರ ಹೋದೆ. ಗುರುತು ಹಿಡಿದರು: "ಏನಪ್ಪಾ, ಕಪ್ಪಿನವ್ನು!" ಎಲ್ಲವನ್ನೂ ಹೇಳಿದೆ. ಗೋಣಿ, ಬಿರುಕು, ಎರಡು ಸುತ್ತು. ನೀವು ಕಟ್ಟಿದ್ದಿರಿ ಓಂಕಾರಣ್ಣ, ಬಿಚ್ಚಿದ್ದು ನಾನು ಎಂದೆ.



"ಬಿಚ್ಚಿದ್ಯಾ? ಹಂಗಾದ್ರೆ ಗಂಟು ಹೆಂಗಿತ್ತು ಹೇಳು."

ನನಗೆ ಹೇಳಲಾಗಲಿಲ್ಲ. ಅವತ್ತು ನನ್ನ ಕಣ್ಣು ಬಿರುಕು ಹುಡುಕುತ್ತಿತ್ತು, ಗಂಟನ್ನು ನೋಡಿಯೇ ಇರಲಿಲ್ಲ.

"ನೋಡ್ದಾ," ಎಂದು ಹೆಗಲು ತಟ್ಟಿದರು. "ಅವತ್ತು ಕಟ್ಟಿಲ್ಲ ಅಂತ ಒಪ್ಸಿದೆ, ಇವತ್ತು ಕಟ್ಟಿದ್ದೆ ಅಂತ ಒಪ್ಸಕ್ಕೆ ಬಂದಿದ್ದೀಯ. ಪಾಪ, ಕುಂಟ್ತಾನೆ ಅಂತ ಹೇಳ್ತಿದ್ದೀಯ ಬಿಡು. ಒಳ್ಳೇ ಹುಡ್ಗ ಕಣೋ ನೀನು."

ಆ ಕೊನೆಯ ಮಾತನ್ನು ಹೊತ್ತುಕೊಂಡು ತಿರುಗಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಬರೆದೆ. ಈ ಭಾನುವಾರ ಅಜ್ಜಂಪುರಕ್ಕೆ ಹೋಗುತ್ತೇನೆ. ಅವತ್ತು ನನ್ನನ್ನು ನಂಬಿದ ಆ ಮೆಕ್ಯಾನಿಕ್ಕಿಗೂ ಟೀ ಅಂಗಡಿಯ ಮೂವರಿಗೂ ಒಬ್ಬೊಬ್ಬರಿಗೇ ಹೇಳುತ್ತೇನೆ. ಸಾಕ್ಷಿ ಇಲ್ಲ, ಇರುವುದು ನನ್ನ ಮಾತು, ಅದರ ಬೆಲೆ ಈಗ ಗೊತ್ತಾಗಿದೆ. ನಂಬದಿದ್ದರೆ ಮತ್ತೆ ಹೋಗುತ್ತೇನೆ. ವಾದಿಸುವುದಿಲ್ಲ.

ಹೋದ ತಿಂಗಳು ಆ ದಿನ ಕಡೂರಿನಿಂದ ಹೊರಡುವ ಮೊದಲು ಓಂಕಾರಣ್ಣ ಬೈಕಿನ ಹ್ಯಾಂಡಲಿಗೆ ಎರಡೂ ಕಡೆ ಹಗ್ಗ ಬಿಗಿದು, ಫೋಟೊ ತೆಗೆದು, ಡ್ರೈವರ್ ಸೀಟಿನಲ್ಲಿ ಕೂತರು. ಗಾಡಿ ಹತ್ತು ಮಾರು ಹೋಗಿ ನಿಂತಿತು. ಇಳಿದು, ಕುಂಟುತ್ತ ಹಿಂದಕ್ಕೆ ಬಂದು ಫೋನಿನಲ್ಲಿದ್ದ ಫೋಟೊ ನೋಡಿದರು, ಗಂಟನ್ನು ನೋಡಿದರು, ಮತ್ತೆ ಫೋಟೊ ನೋಡಿದರು.