ಕಿವಿಗೆ ಕೈಯಿಟ್ಟು ಕಾಯುವ ಕಪ್ಪೆ

“ಮೇಡಂ, ತಪ್ಪು ತಿಳ್ಕೋಬೇಡಿ. ಚಾರ್ವಿಗೆ ಮಾತು ಬರುತ್ತೆ ಅಲ್ವಾ?”

ಮಗಳ ಎಲ್‌ಕೆಜಿ ಟೀಚರ್ ಶಿಲ್ಪಾ ಮಿಸ್ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ದೇವನಹಳ್ಳಿಯ ಆಫೀಸಿನಲ್ಲಿದ್ದೆ. ನಗು ಬಂತು. ಮಾತು ಬರುತ್ತಾ ಅಂತ ನಮ್ಮ ಮನೆಯಲ್ಲಿ ಯಾರ ಬಗ್ಗೆಯಾದರೂ ಕೇಳಬೇಕಿದ್ದರೆ ಅದು ನನ್ನ ಗಂಡನ ಬಗ್ಗೆ. ಮಗಳ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ. (ಅದೂ ಪೂರ್ತಿ ಅಲ್ಲ.)

ಆದರೆ ಮಿಸ್ ನಗುತ್ತಿರಲಿಲ್ಲ. ಜೂನ್‌ನಲ್ಲಿ ಸೇರಿದ ಹುಡುಗಿ ದೀಪಾವಳಿ ಕಳೆದರೂ ಕ್ಲಾಸಿನಲ್ಲಿ ತುಟಿ ಬಿಚ್ಚಿಲ್ಲವಂತೆ. ಅಟೆಂಡೆನ್ಸ್ ಕೂಗಿದರೆ ತಲೆ ತಗ್ಗಿಸುತ್ತಾಳಂತೆ. ನೀರು ಬೇಕಾದರೆ ಬಾಟಲಿ ತೋರಿಸುತ್ತಾಳಂತೆ. ಹಿಂದಿನ ದಿನ ಬಾತ್‌ರೂಮಿಗೆ ಹೋಗಬೇಕು ಅಂತ ಹೇಳಲಾಗದೆ ಕೂತಲ್ಲೇ ಒದ್ದೆ ಮಾಡಿಕೊಂಡಳಂತೆ. ಅತ್ತಿದ್ದೂ ಸದ್ದಿಲ್ಲದೆ.

ನನ್ನ ನಗು ಅಲ್ಲೇ ನಿಂತಿತು. ಹಿಂದಿನ ಸಂಜೆ ಯೂನಿಫಾರ್ಮ್ ಒದ್ದೆಯಾಗಿದ್ದನ್ನು ನೋಡಿ, ನೀರು ಚೆಲ್ಲಿಕೊಂಡಿದ್ದಾಳೆ ಅಂದುಕೊಂಡು ನಮ್ಮತ್ತೆ ಒಗೆದು ಹಾಕಿದ್ದರು. ಅವಳು ನಮಗೂ ಹೇಳಿರಲಿಲ್ಲ.

ಬಸ್ಸಿಳಿದು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದರೆ, ಮಾತೇ ಬಾರದ ಆ ಹುಡುಗಿ ಟೀವಿ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದಳು.

ಅಪರಾಧಿ ಸಿಕ್ಕಿಬಿಟ್ಟ ಅನ್ನಿಸಿತು.

ಆ ಕಾರ್ಟೂನ್ ಧಾರಾವಾಹಿಯ ಹೆಸರು ಬೇಡ ಬಿಡಿ. ಒಂದು ಆನೆಮರಿ, ಒಂದು ಕೊಕ್ಕರೆ, ಒಂದು ಹಸಿರು ಕಪ್ಪೆ. ಮೂರಕ್ಕೂ ಮಾತಾಡುವ ಅಭ್ಯಾಸವೇ ಇಲ್ಲ, ಎಲ್ಲಕ್ಕೂ ಹಾಡು. ಹಲ್ಲುಜ್ಜಲು ಹಾಡು, ಊಟಕ್ಕೆ ಹಾಡು, ಚಪ್ಪಲಿ ಜೋಡಿಸಿಡಲು ಹಾಡು. ಎಲ್ಲಿಂದಲೋ ಬಂದು ಕನ್ನಡಕ್ಕೆ ಡಬ್ ಆಗಿದೆ. ಹಾಗಾಗಿ ಕಪ್ಪೆ “ಬನ್ನಿರಿ, ನಾವೆಲ್ಲರೂ ಕೈಗಳನ್ನು ತೊಳೆಯೋಣ” ಅನ್ನುತ್ತೆ. ನಮ್ಮೂರಲ್ಲಿ ಯಾವ ಕಪ್ಪೆ ಹಾಗನ್ನುತ್ತೆ?

ನಾನು ಓದಿಕೊಂಡ ತಾಯಿ. ತಕ್ಷಣ ಮೊಬೈಲ್ ತೆಗೆದು ‘ಪೇರೆಂಟ್ಸ್ ಗೈಡ್’ ಹುಡುಕಿದೆ. ಸಿನಿಮಾಗೆ ಇರೋ ಹಾಗೆ ಕಾರ್ಟೂನಿಗೂ ಇಂಥ ಗೈಡ್‌ಗಳಿವೆ. ಹೊಡೆದಾಟ ಇದೆಯೇ? ಇಲ್ಲ. ಹೆದರಿಸುವ ದೃಶ್ಯ? ಇಲ್ಲ. ಕೆಟ್ಟ ಮಾತು? ಇಲ್ಲವೇ ಇಲ್ಲ. ಎಲ್ಲದರಲ್ಲೂ ಪಾಸು. ಕೆಳಗಡೆ ಸಣ್ಣದೊಂದು ಎಚ್ಚರಿಕೆ: ಹಾಡುಗಳು ದೊಡ್ಡವರ ತಲೆಗೂ ಅಂಟಿಕೊಳ್ಳಬಹುದು. (ಇದು ನಿಜ. ಆಫೀಸಿನಲ್ಲಿ ಫೈಲ್ ನೋಡುತ್ತಾ ನಾನು ಹಲ್ಲುಜ್ಜುವ ಹಾಡು ಗುನುಗಿ, ಪಕ್ಕದ ಸೀಟಿನವರು ಕತ್ತೆತ್ತಿ ನೋಡಿದ್ದರು.)

ಗೈಡ್ ಸರ್ಟಿಫಿಕೇಟ್ ಕೊಟ್ಟರೂ ನನಗೆ ಸಮಾಧಾನವಾಗಲಿಲ್ಲ. ರಿಮೋಟು ಬೀರು ಮೇಲೆ ಹೋಯಿತು. ಟೀವಿ ಬಂದ್.

ಮಾತು ಸ್ಕೂಲಿಗೆ ಹೋಗುತ್ತೆ ಅಂದುಕೊಂಡರೆ, ಮನೆಯಿಂದಲೂ ಹೊರಟುಹೋಯಿತು! ಚಾರ್ವಿ ಮುನಿಸಿಕೊಂಡಳು ಅಂದರೆ ಸಹಿಸಬಹುದಿತ್ತು. ಅವಳು ಮುನಿಸಿಕೊಳ್ಳಲೂ ಇಲ್ಲ. ಸುಮ್ಮನಾದಳು. ಸಂಜೆ ನಾನು ಬ್ಯಾಗು ಇಡುತ್ತಲೇ ಸ್ಕೂಲಲ್ಲಿ ಏನಾಯ್ತು, ಊಟ ಖಾಲಿ ಮಾಡಿದ್ಯಾ, ಇವತ್ತಾದ್ರೂ ಮಿಸ್ ಜೊತೆ ಮಾತಾಡಿದ್ಯಾ ಅಂತ ಕೇಳುತ್ತಿದ್ದೆ. ಅವಳು ಭುಜ ಕುಣಿಸಿ ಅಜ್ಜಿಯ ಹತ್ತಿರ ಹೋಗುತ್ತಿದ್ದಳು. ನನ್ನ ಗಂಡ ಮಂಜು, ಡಾಕ್ಟರಿಗೆ ತೋರಿಸೋಣ್ವಾ ಅಂತ ಕೇಳಿದರು. ಅವರೇ ಬಾಯಿಬಿಟ್ಟು ಕೇಳಿದ್ದಾರೆ ಅಂದರೆ ವಿಷಯ ಗಂಭೀರವಾಗಿದೆ ಅಂತ ಅರ್ಥ.

ನಮ್ಮತ್ತೆ ಇಲ್ಲೇ ದೊಡ್ಡಬಳ್ಳಾಪುರದ ಪಕ್ಕದ ಮಧುರೆ ಕಡೆಯವರು. ಯಾವುದಕ್ಕೂ ಗಾಬರಿಯಾಗುವವರಲ್ಲ. ಭಾನುವಾರ ಮಧ್ಯಾಹ್ನ ಅವರೆಕಾಯಿ ರಾಶಿ ಹಾಕಿಕೊಂಡು ಕೂತವರು ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ನೋಡ್ದಂಗೇ ಬೈತೀಯಲ್ಲವ್ವ. ಒಂದ್ಸಲ ಕುಂತ್ಕಂಡು ನೋಡು. ಆಮ್ಯಾಕೆ ಬೈಯಿವಂತೆ.”

ಸತ್ಯ. ಆ ಹಾಡುಗಳನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೆ, ಗೈಡ್ ಓದಿದ್ದೆ. ಒಂದು ಕಂತನ್ನೂ ನೋಡಿರಲಿಲ್ಲ. ರಿಮೋಟು ಕೆಳಗಿಳಿಯಿತು. ಮೂವರೂ ಅವರೆಕಾಯಿ ಸುಲಿಯುತ್ತಾ ಕೂತೆವು.

ಆ ದಿನದ ಹಾಡು ಊಟದ್ದು. ಕಪ್ಪೆ ಕುಣಿದುಕೊಂಡು ಬಂದು “ಗೆಳೆಯರೇ, ನಿಮ್ಮ ತಟ್ಟೆಯಲ್ಲಿ ಏನಿದೆ?” ಅಂತ ಕೇಳಿತು. ಕೇಳಿ, ಕಿವಿಗೆ ಕೈಯಿಟ್ಟುಕೊಂಡು ನಿಂತುಬಿಟ್ಟಿತು. ಸಂಗೀತವೂ ನಿಂತಿತು. ಟೀವಿ ಕೆಟ್ಟಿತು ಅಂತ ನಾನು ರಿಮೋಟಿಗೆ ಕೈ ಹಾಕಿದೆ.

“ಮುದ್ದೆ!” ಅಂದಳು ಚಾರ್ವಿ.

“ಸೊಪ್ಪಿನ ಸಾರು” ಅಂತ ಸೇರಿಸಿದರು ನಮ್ಮತ್ತೆ, ಕಾಯಿಯಿಂದ ಕಣ್ಣೆತ್ತದೆ.

“ಓಹೋ, ನನಗೂ ಅದುವೇ ಇಷ್ಟ!” ಅಂತ ಕಪ್ಪೆ ಕುಣಿಯಿತು. (ಎಲ್ಲಿಯ ಕಪ್ಪೆಯೋ, ಜನ್ಮದಲ್ಲಿ ಮುದ್ದೆ ಕಂಡಿರಲಿಕ್ಕಿಲ್ಲ. ನನ್ನ ಮಗಳ ಮುಖ ಮಾತ್ರ ಬಲ್ಬು ಹಾಕಿದ ಹಾಗಾಯಿತು.)

ಕಂತಿನುದ್ದಕ್ಕೂ ಇದೇ. ಕೇಳುವುದು, ಕಾಯುವುದು. ಅಷ್ಟರಲ್ಲಿ ಪಕ್ಕದ ಮನೆಯ ಸವಿತಕ್ಕ ಕರಿಬೇವು ಕೇಳಿಕೊಂಡು ಬಂದರು. ಬಾಗಿಲಲ್ಲೇ ನಿಂತು, ಏನ್ ಪುಟ್ಟಾ, ಯಾವ ಸ್ಕೂಲು ನೀನು ಅಂದರು. ಚಾರ್ವಿ ತಲೆಯೆತ್ತಿದಳು. ತುಟಿ ಅಲ್ಲಾಡಿತು. ಅಷ್ಟರೊಳಗೆ ಯಾರೋ ಪಟಪಟ ಅಂತ ಸ್ಕೂಲಿನ ಹೆಸರು, ಕ್ಲಾಸು, ಸೆಕ್ಷನ್ನು ಎಲ್ಲ ಹೇಳಿ ಮುಗಿಸಿದ್ದರು.

ಆ ಯಾರೋ ನಾನೇ.

ಚಾರ್ವಿ ತಲೆ ತಗ್ಗಿಸಿ ಕಾಯಿ ಸುಲಿಯತೊಡಗಿದಳು. ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಮದುವೆ ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅವಳನ್ನು ಯಾರು ಏನು ಕೇಳಿದರೂ ಉತ್ತರ ನನ್ನದೇ. ಅವಳು ಯೋಚಿಸುವ ಹೊತ್ತನ್ನು ನಾನು ನಾಚಿಕೆ ಅಂದುಕೊಂಡಿದ್ದೆ. ನಮಗೆಲ್ಲ ಅವಸರ ಸ್ವಾಮಿ. ಕೇಳಿದ ಮರುಕ್ಷಣ ಉತ್ತರ ಬರದಿದ್ದರೆ ಮಗುವಿಗೆ ಏನೋ ತೊಂದರೆ! ಮಾತು ಬಾಯಿಗೆ ಬರುವವರೆಗೆ ಅವಳಿಗಾಗಿ ನಿಂತು ಕಾದದ್ದು ಒಂದು ಕಪ್ಪೆ ಮಾತ್ರ.

ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶಿಲ್ಪಾ ಮಿಸ್‌ರನ್ನು ಕಂಡೆ. ಕಪ್ಪೆಯ ಕತೆ ಹೇಳುವಾಗ ಸ್ವಲ್ಪ ಸಂಕೋಚವೂ ಆಯಿತು. ಕ್ಲಾಸ್ ತುಂಬ ಮಕ್ಕಳು, ಒಬ್ಬೊಬ್ಬರಿಗೂ ಹೇಗೆ ಕಾಯೋದು ಅಂತ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಒಂದು ಉಪಾಯ ಮಾಡಿದರು. ಅಟೆಂಡೆನ್ಸಿನಲ್ಲಿ ಚಾರ್ವಿಯ ಹೆಸರನ್ನು ಕೊನೆಗಿಟ್ಟರು. ಹೆಸರು ಕೂಗಿ ತಾವೂ ಕಿವಿಗೆ ಕೈಯಿಟ್ಟುಕೊಂಡು ನಿಂತರು. ಕ್ಲಾಸಿನ ಅರ್ಧ ಮಕ್ಕಳಿಗೆ ಆ ಕಪ್ಪೆಯ ಪರಿಚಯವಿತ್ತು. ಅವರೂ ಕಿವಿಗೆ ಕೈಯಿಟ್ಟರಂತೆ.

ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆ ವಾರವಿಡೀ ಆಗಲಿಲ್ಲ.

ಮನೆಯಲ್ಲಿ ನಾನೂ ಕಲಿಯತೊಡಗಿದೆ. ಒಂದೇ ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳುವುದು. ಎಷ್ಟು ಕಷ್ಟ ಗೊತ್ತಾ? ನಾಲಿಗೆ ತುರಿಸುತ್ತೆ. ಒಮ್ಮೆಯಂತೂ ನಾನು ಕೇಳಿದ್ದಕ್ಕೆ ಅವಳ ಉತ್ತರ ಬಂದದ್ದು ಚಪಾತಿ ಲಟ್ಟಿಸಿ ಮುಗಿಸಿದ ಮೇಲೆ. ಸ್ಕೂಲಿನಲ್ಲಿ ಒದ್ದೆಯಾದ ದಿನದ ಕತೆಯನ್ನು ಅವತ್ತು ತಾನಾಗಿ ಹೇಳಿದಳು. “ನಾನು ಹೇಳ್ತಿದ್ದೆ ಅಮ್ಮ. ಅಷ್ಟ್ರಲ್ಲಿ ಮಿಸ್ ಬೇರೆಯವ್ರನ್ನ ಕೇಳಿದ್ರು.”

ಮುಂದಿನ ವಾರ ಶಿಲ್ಪಾ ಮಿಸ್ ಫೋನು. ಈ ಸಲ ಅವರ ದನಿಯೇ ಓಡುತ್ತಿತ್ತು. ಕೊನೆಯ ಹೆಸರು ಕೂಗಿ ಎಲ್ಲರೂ ಕಾಯುತ್ತಿದ್ದಾಗ, ಚಾರ್ವಿ ಎದ್ದು ನಿಂತು “ಪ್ರೆಸೆಂಟ್ ಮಿಸ್” ಅಂದಳಂತೆ. ಮೆಲ್ಲಗೆ, ರಾಗವಾಗಿ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರಂತೆ. ಆಫೀಸಿನ ಕಾರಿಡಾರಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

“ಯಾವ ಕಾರ್ಟೂನು ತೋರಿಸಬಹುದು, ಒಂದು ಗೈಡ್ ಬರೀರಿ” ಅಂತ ಈ ಅಂಕಣ ಓದುವ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನನಗೆ ಗೊತ್ತಿರುವುದು ಇಷ್ಟೇ: ಒಂದು ಕಂತನ್ನಾದರೂ ಮಗುವಿನ ಪಕ್ಕ ಕೂತು ನೋಡಿ. ಟೀವಿ ನೋಡದಿದ್ದರೂ ಪರವಾಗಿಲ್ಲ, ಮಗುವನ್ನು ನೋಡಿ. ಕೈಗೆ ಅವರೆಕಾಯಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮೊನ್ನೆ ಸಾಸಲಿನಲ್ಲಿ ನೆಂಟರ ಮಗುವಿನ ನಾಮಕರಣ. ಅಲ್ಲಿ ನಮ್ಮತ್ತೆಯ ಅಕ್ಕ ಇದ್ದಾರೆ. ಊರಿಗೆಲ್ಲ ಅವರು ‘ದೊಡ್ಡಮ್ಮ’. ಊಟವಾದ ಮೇಲೆ ಚಾರ್ವಿಯನ್ನು ಹತ್ತಿರ ಕರೆದು, ನಿನ್ನ ಹೆಸರೇನವ್ವ ಅಂದರು. ನಾನು ನಾಲಿಗೆ ಕಚ್ಚಿಕೊಂಡೆ. ಒಂದಷ್ಟು ಹೊತ್ತಾಯಿತು.

“ಚಾರ್ವಿ” ಅಂದಳು. ಆಮೇಲೆ, “ನಿಮ್ದು?”

ದೊಡ್ಡಮ್ಮ ನಕ್ಕುಬಿಟ್ಟರು. ನನ್ನ ಹೆಸರು ಕಟ್ಟಿಕೊಂಡು ಏನ್ ಮಾಡ್ತೀಯ, ಅಜ್ಜಿ ಅನ್ನು ಸಾಕು ಅಂದರು. ಚಾರ್ವಿ ಕದಲಲಿಲ್ಲ. ಅವರ ಮುಖವನ್ನೇ ನೋಡುತ್ತಾ ನಿಂತಳು. ಎಲೆಯಡಿಕೆ ಮಡಿಸುತ್ತಿದ್ದ ದೊಡ್ಡಮ್ಮನ ಕೈ ನಿಂತಿತು.

“ಪುಟ್ಟಹೊನ್ನಮ್ಮ” ಅಂದರು, ಹೊಸದಾಗಿ ಕೇಳಿಸಿಕೊಂಡವರ ಹಾಗೆ.

ಮದುವೆಯಾಗಿ ಬಂದಾಗಿನಿಂದ ಹಬ್ಬಹಬ್ಬಕ್ಕೂ ಅವರ ಕಾಲಿಗೆ ಬೀಳುತ್ತಿದ್ದೇನೆ, ಒಂದು ಸಲವಾದರೂ ಹೆಸರು ಕೇಳಿದ್ದೆನಾ?