ಕಸ್ತೂರಿಬಾಯಿಯ ಜುಣಕ

ಮುಂಬಯಿ ಬೈಕುಲ್ಲಾದ ನಮ್ಮ ಚಾಳಿನಲ್ಲಿ ಕಸ್ತೂರಿಬಾಯಿಯ ಖೋಲಿ ನನ್ನ ಖೋಲಿಗೆ ತಾಗಿಯೇ ಇತ್ತು. ಅವಳು ವಿಜಾಪುರ ಕಡೆಯ ಲಿಂಗಾಯತರವಳು, ನಾನು ಉಡುಪಿಯ ಬಿಲ್ಲವರವಳು. ನಾನು ಬಂಗುಡೆ ಮೀನು ಹುರಿದರೆ ಅವಳು ಬಾಗಿಲು ಹಾಕುವುದು, ಅವಳು ಬಾಗಿಲು ಹಾಕಿದರೆ ನಾನು ಗೊಣಗುವುದು. ಆದರೂ ಗಟ್ಟಿ ಸ್ನೇಹ ಮಾರಾಯ್ರೇ.

ಎಪ್ಪತ್ತೆರಡನೇ ಇಸವಿಯಲ್ಲಿ ಅವಳ ಗಂಡ ಅಣವೀರಪ್ಪನ ಕಾಲು, ಮುಖ ಎಲ್ಲ ಊದಿಕೊಂಡಿತು. ಮಿಲ್ಲಿನಲ್ಲಿ ದುಡಿಯುವ ಗಟ್ಟಿ ಆಳು. ಮೈಯ ಸತ್ವವೆಲ್ಲ ಮೂತ್ರದಲ್ಲಿ ಹೋಗ್ತಾ ಉಂಟು, ದಿನಾ ಮೊಟ್ಟೆಯ ಬಿಳಿ ತಿನ್ನಿಸಿ, ಹಳದಿ ಬೇಡ ಎಂದರು ಆಸ್ಪತ್ರೆಯ ಡಾಕ್ಟರು. "ಸತ್ತರೂ ಬಾಯಾಗ ಇಡಂಗಿಲ್ಲ" ಅಂತ ಆ ಮನುಷ್ಯ. ಎಂಥ ಹಟವೋ! ನಮ್ಮಲ್ಲಾದರೆ ಜ್ವರ ಬಿಟ್ಟ ಮಕ್ಕಳಿಗೆ ಮೊದಲು ಕೊಡುವುದೇ ಮೊಟ್ಟೆ.

ಕಸ್ತೂರಿ ಮನೆಗೆಲಸ ಮಾಡುತ್ತಿದ್ದದ್ದು ಪಿರೋಜಾಬಾಯಿ ಎಂಬ ಪಾರ್ಸಿ ಮುದುಕಿಯಲ್ಲಿ. ಆ ಬಾಯಿ ಬರೀ ಹಳದಿ ಹಾಕಿ ಕಸ್ಟರ್ಡ್ ಮಾಡಿ ಅಂಗಡಿಗೆ ಕೊಡುವವಳು, ಬಿಳಿಯೆಲ್ಲ ಮೋರಿಗೆ. ಕಸ್ತೂರಿ ಅಳುತ್ತಾ ಗಂಡನ ವಿಷಯ ಹೇಳಿದಳಂತೆ. ಪಿರೋಜಾಬಾಯಿ ಫ್ರಿಜ್ಜಿನ ಐಸ್ ಟ್ರೇ ತೆಗೆದು, ಒಂದೊಂದು ಗುಳಿಯೊಳಗೆ ಒಂದೊಂದು ಮೊಟ್ಟೆಯ ಬಿಳಿ ಹೊಯ್ದು ತೋರಿಸಿದಳು. ಗಟ್ಟಿಯಾದ ಮೇಲೆ ಆ ದಿನಕ್ಕೆ ಬೇಕಾದಷ್ಟನ್ನು ಡಬ್ಬಿಯಲ್ಲಿ ತರುವುದು. ಚಾಳಿಗೆ ಬರುವಾಗ ಕರಗಿರುತ್ತಿತ್ತು. ಅದನ್ನು ರೊಟ್ಟಿಗೆ ನಂಚಿಕೊಳ್ಳುವ ಜುಣಕದ ಕಡಲೆಹಿಟ್ಟಿನಲ್ಲಿ ಕಲಸಿ, ಬೆಳ್ಳುಳ್ಳಿ, ಹಸಿಮೆಣಸು ಕೈತುಂಬ ಹಾಕಿ ಬೇಯಿಸಿದರೆ ಯಾವ ಶಾಸ್ತ್ರಿಗೂ ಗೊತ್ತಾಗಲಿಕ್ಕಿಲ್ಲ.

"ಈಗೀಗ ನಿನ್ನ ಜುಣಕ ಭಾಳ ಮೆತ್ತಗಾಗೇತಿ, ಇನ್ನಷ್ಟು ಹಾಕು" ಅನ್ನುತ್ತಿದ್ದ ಅಣವೀರಪ್ಪ. ಗೋಡೆಯ ಈಚೆ ನಾನು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. ಕಾಲಿನ ಊತವೂ ಇಳಿಯಿತು.

ಆದರೆ ಕಸ್ತೂರಿ ಪೂಜೆ ನಿಲ್ಲಿಸಿದಳು. ದಿನಾ ಮಿಂದು, ಕೊರಳಿನ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟು ಗಂಡನ ಆಯುಷ್ಯ ಬೇಡುತ್ತಿದ್ದವಳು ಈಗ ಅದನ್ನು ಬಿಚ್ಚುವುದೇ ಇಲ್ಲ.

"ಮೊಟ್ಟಿ ಹಿಡದ ಕೈರೀ ವಾರಿಜಕ್ಕಾ. ಇದರಾಗ ಹ್ಯಾಂಗ ಇಟ್ಕೊಳ್ಳಲಿ?"

"ಸಾಬೂನು ಹಾಕಿ ತೊಳಿ ಮಾರಾಯ್ತಿ!"

"ಗಂಡಗ ಮೋಸ ಮಾಡೀನಿ. ದೇವರಿಗೂ ಮಾಡ್ಲೇನ್ರೀ?"

ಅವಳು ಪೂಜೆಗೆ ಕೂರದ್ದನ್ನು ಅಣವೀರಪ್ಪ ದಿನಾ ಚಾಪೆಯಿಂದಲೇ ನೋಡುತ್ತಿದ್ದ.

ಮಳೆ ಹಿಡಿದ ಮೇಲೆ ಊತ ಮತ್ತೆ ಏರಿತು. ಈ ಸಲ ಆಸ್ಪತ್ರೆಗೇ ಸೇರಿಸಬೇಕಾಯಿತು. ಒಂದು ಸಂಜೆ ನಾನೂ ಜೊತೆಗೆ ಹೋಗಿದ್ದೆ. ಕಸ್ತೂರಿ ಮಡಿಲಲ್ಲಿ ಜುಣಕದ ಡಬ್ಬಿ ಹಿಡಿದು ಮಂಚದ ಬದಿ ಕೂತಿದ್ದಳು. ಅವನು ಮೆಲ್ಲಗೆ ಹೇಳಿದ, "ಕಸ್ತೂರಿ, ನಾ ಉಳಿಯಂಗಿಲ್ಲಂತ ನಿನಗ ಆವಾಗ ಗೊತ್ತಾಗಿತ್ತಲ್ಲ? ಅದಕ್ಕ ದೇವರನ್ನ ಕೇಳೂದ ಬಿಟ್ಟಿ. ನನ್ನ ಆಸೆ ಬಿಟ್ಟಿ."

ಅಯ್ಯೋ ದೇವರೇ! ನಾನು ಬಾಯಿ ತೆರೆದೆ. ಅವಳು ನನ್ನ ಕೈ ಹಿಚುಕಿದಳು. ಮೊಟ್ಟೆಯ ನಿಜ ಹೇಳಿದರೆ, ತನ್ನ ಮೈಯೇ ಕೆಟ್ಟಿತು ಎಂದು ಕೊರಗಿಕೊಂಡು ಸಾಯುವವನು ಅವನು.

"ಹೂಂ ರೀ" ಎಂದಳು.

ಅವನು ಗೋಡೆಯ ಕಡೆಗೆ ಹೊರಳಿದ. ಜುಣಕ ಮುಟ್ಟಲಿಲ್ಲ. ಆ ವಾರದಲ್ಲೇ ಹೋದ. ಕಡೆಯವರೆಗೂ ಅವಳ ಹತ್ತಿರ ಒಂದು ಮಾತು ಸರಿಯಾಗಿ ಆಡಲಿಲ್ಲ.

ಮಣ್ಣು ಮಾಡಿದ ಮೇಲೆ ಒಂದು ದಿನ ಕಸ್ತೂರಿ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಅದೇ ಡಬ್ಬಿ. ಟ್ರೇಯಲ್ಲಿ ಉಳಿದ ಬಿಳಿಯನ್ನು ಪಿರೋಜಾಬಾಯಿ ಕೊಟ್ಟು ಕಳಿಸಿದ್ದಳು.

"ಅವರ ಹೆಸರಿಲೆ ಇಟ್ಟಿದ್ದು. ಚೆಲ್ಲಾಕ ಮನಸ ಬರವಲ್ದು. ನೀವರ ತಿನ್ರಿ ಅಕ್ಕಾ."

"ತಿಂತೇನೆ. ಇನ್ನಾದರೂ ಪೂಜೆಗೆ ಕೂರು ಮಾರಾಯ್ತಿ."

"ಕುಂತು ಏನ್ ಕೇಳ್ಲಿರೀ?" ಎಂದಳು.

ಉಪ್ಪು, ಮೆಣಸು ಹಾಕಿ ಹುರಿದೆ. ಮೀನು, ಕೋಳಿ ತಿಂದೇ ಬೆಳೆದವಳು ನಾನು. ಒಂದು ತುತ್ತೂ ತಿನ್ನಲಿಕ್ಕಾಗದೆ ತಟ್ಟೆ ಮುಚ್ಚಿಟ್ಟೆ.