ಇಲ್ಲದ ರಾಹುಕಾಲ

ಅಮೆರಿಕದ ನ್ಯೂಕ್ಯಾಸಲ್‌ನ ಮಗಳ ಮನೆಯಲ್ಲಿ, ಅಳಿಯಂದಿರ ಬ್ಯಾಂಡೇಜಿನಿಂದ ಹೊರಗಿದ್ದ ಎರಡು ಬೆರಳುಗಳ ನಡುವೆ ಅವರು ಕೆಲಸ ಮಾಡುವ ಕಂಪನಿಯವನು ಪೆನ್ನು ಸಿಕ್ಕಿಸುತ್ತಿದ್ದ. ನಾರ್ತ್ ಡಕೋಟಾದ ಎಣ್ಣೆಬಾವಿಯಲ್ಲಿ ಅನಿಲ ಹೊತ್ತಿಕೊಂಡು ಅವರ ಕೈಗಳು ಸುಟ್ಟಿದ್ದವು. ನೋವಿನ ಮಾತ್ರೆಯ ಮಂಪರಿನಲ್ಲಿ ಅವರು ಕಾಗದವನ್ನು ಓದಿರಲೇ ಇಲ್ಲ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಯಜಮಾನರು ಎಣ್ಣೆ ಗಿರಣಿಯ ಬೆಲ್ಟಿಗೆ ಸಿಕ್ಕಿ ತೀರಿಕೊಂಡಾಗ ನಾನೂ ಹೀಗೆಯೇ ಓದದೆ ಸಹಿ ಹಾಕಿದ್ದೆ. ತಪ್ಪೆಲ್ಲ ಅವರದೇ ಎಂದು ಅದರಲ್ಲಿ ಬರೆದಿತ್ತು.

ಅಳಿಯಂದಿರ ಎದುರು ನಾನು ಎಂದೂ ದನಿ ಎತ್ತಿದವಳಲ್ಲ. ಅಂದು ಕೂಗಿಬಿಟ್ಟೆ: “ಈಗ ರಾಹುಕಾಲ! ಸಹಿ ಹಾಕ್ಬೇಡಿ!”

ಅವರು ಕಣ್ಣು ತೆರೆದು ಪೆನ್ನು ಕೆಳಗಿಟ್ಟರು. “ಆಯ್ತು ಅತ್ತೆ. ನಿಮ್ಮ ಮಾತು ಮೀರಿದ್ರೆ ನಿಮ್ಮ ಮಗಳು ನಂಗೆ ಊಟ ಹಾಕಲ್ಲ.”

ಒಂದೂವರೆ ಗಂಟೆ ಕಾಯಬೇಕೆಂದು ಅವರು ಹೇಳಿದಾಗ, ನಾಳೆ ಬರುತ್ತೇನೆಂದು ಕಂಪನಿಯವನು ಕಾಗದ ಬಿಟ್ಟು ಹೋದ. ಸಂಜೆ ಮಗಳು ಅದನ್ನು ವಕೀಲರಿಗೆ ತೋರಿಸಿದಳು. ಬೆಂಕಿಗೆ ಅಳಿಯಂದಿರೇ ಕಾರಣವೆಂದು ಅದರಲ್ಲಿತ್ತು. ಸಹಿ ಬಿದ್ದಿದ್ದರೆ ಪರಿಹಾರ ಕೇಳುವ ಹಕ್ಕೇ ಹೋಗುತ್ತಿತ್ತಂತೆ.

ಅಂದಿನ ರಾಹುಕಾಲ ಬೆಳಗ್ಗೆಯೇ ಮುಗಿದಿತ್ತೆಂದು ಮೊಮ್ಮಕ್ಕಳಿಗೆ ಈ ಬರಹದಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಕೊರಿಯರ್‌ನವನು ಸಹಿ ಕೇಳಿದರೂ ಈಗಲೂ ನಾನು ತಕ್ಷಣ ಪೆನ್ನು ಮುಟ್ಟುವುದಿಲ್ಲ. ಮೊದಲು ಓದಿ ಹೇಳೆಂದು ಮೊಮ್ಮಗಳನ್ನು ಕರೆಯುತ್ತೇನೆ.